ಕೆಂಪು ದಾರದ ಎರಡು ಹೊಲಿಗೆ

ಮಾರ್ಚ್ ೪

ಪತ್ರಿಕೆಯಲ್ಲಿ ‘ಮೂಲೆ ಕುರ್ಚಿ’ ಅನ್ನೋ ಹೆಸರಿಟ್ಟುಕೊಂಡು ಟೀವಿ ಬಗ್ಗೆ ಬರೆಯುವವನಿಗೆ,

ಏನಪ್ಪಾ, ಸ್ವಂತ ಹೆಸರು ಹಾಕಿಕೊಳ್ಳೋಕೆ ಧೈರ್ಯ ಇಲ್ಲ, ಮಂದಿ ಮಾಡಿದ್ದಕ್ಕೆಲ್ಲ ಹೆಸರಿಡೋಕೆ ಮಾತ್ರ ಧೈರ್ಯ ಇದೆ ನಿನಗೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರಹದಲ್ಲಿ ತಪ್ಪು ಕಂಡರೆ ನುಂಗಿಕೊಂಡು ಓದು.

‘ಒದ್ದೆ ಹೆಜ್ಜೆ’ ಧಾರಾವಾಹಿ ಬಗ್ಗೆ ಈ ಭಾನುವಾರ ನೀನು ಬರೆದದ್ದನ್ನ ನನ್ನ ಅಳಿಯ ಗಟ್ಟಿಯಾಗಿ ಓದಿ ನಕ್ಕ. ಆಮೇಲೆ ನಾನೇ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ನನಗೆ ನಗು ಬರಲಿಲ್ಲ.

ಶುಕ್ರವಾರ ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ನಾಲ್ಕು ಜನ ಅದರ ಮುಂದೆ ಕೂರುತ್ತೇವೆ. ಸತ್ತ ಸೊಸೆ ಒದ್ದೆ ಕಾಲಲ್ಲಿ ಇನ್‌ಸ್ಪೆಕ್ಟರನ ಮನೆಗೆ ಬರುತ್ತಾಳೆ. ಮಾತಾಡೋಲ್ಲ. ಕುತ್ತಿಗೆಯ ಸ್ಕಾರ್ಫ್ ಮುಟ್ಟಿ ಮುಟ್ಟಿ ತೋರಿಸುತ್ತಾಳೆ, ಬಿಚ್ಚೋಕೆ ಅವಳ ಕೈಲಿ ಆಗಲ್ಲ. ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಮುಖಕ್ಕೆ ದಿಂಬು ಹಿಡಿದು ಒಂದೇ ಕಣ್ಣಲ್ಲಿ ನೋಡುತ್ತಾಳೆ. ಅಳಿಯ ಲಿಫ್ಟ್ ರಿಪೇರಿಯವನು, ಅವನಿಗೆ ದೆವ್ವದಲ್ಲೂ ರಿಪೇರಿ ಕೆಲಸವೇ ಕಾಣೋದು. “ಅತ್ತೆ, ಗೋಡೆ ತೂರಿ ಬರುವವಳಿಗೆ ಲಿಫ್ಟ್ ಬಟನ್ ಒತ್ತೋ ಕರ್ಮ ಏನು?” ಅಂದ. “ನಿನ್ನ ಹೊಟ್ಟೆಪಾಡು ನಡೀಲಿ ಅಂತ ಕಣಪ್ಪಾ” ಅಂದೆ.

ಅವನು ಏನಾದರೂ ಅಂದುಕೊಳ್ಳಲಿ, ಮನೆಯೊಳಗಿನ ಮಾತು. ನೀನು ಅಚ್ಚು ಹಾಕುವವನು. “ಓಡಿದರೂ ಈಜಿದರೂ ದೆವ್ವದ ಸ್ಕಾರ್ಫಿನ ಗಂಟು ಕೂದಲೆಳೆಯಷ್ಟೂ ಅಲುಗುವುದಿಲ್ಲ, ಯಾವ ಅಂಟು ಬಳಸುತ್ತಾರೋ” ಅಂತ ಬರೆದಿದ್ದೀಯ. ಅಂಟಲ್ಲಯ್ಯಾ, ಹೊಲಿಗೆ. ಹೆಣಕ್ಕೆ ಕಟ್ಟಿದ ಬಟ್ಟೆ ಎತ್ತಿ ಇಳಿಸುವಾಗ ಜಾರುತ್ತೆ. ಅದಕ್ಕೇ ಗಂಟಿನ ಒಳಮೈಗೆ ಎರಡು ಹೊಲಿಗೆ ಹಾಕಬೇಕು. ಇಪ್ಪತ್ತನಾಲ್ಕು ವರ್ಷ ಆಸ್ಪತ್ರೆಯ ಶವಾಗಾರದಲ್ಲಿ ಹೆಂಗಸರ ಹೆಣ ತೊಳೆದು ಬಟ್ಟೆ ಹಾಕಿದವಳು ನಾನು. ಆರನೇ ಕಂತಿನಲ್ಲಿ ಕ್ಯಾಮೆರಾ ಅವಳ ಕುತ್ತಿಗೆ ಹತ್ತಿರ ಹೋದಾಗ ಹೊಲಿಗೆಯ ದಾರ ಕಂಡು ಎದ್ದು ನಿಂತೆ. ನಿನಗೂ ದಾರ ಕಂಡಿದೆ, ಹೊಲಿಗೆ ಅಂತ ಹೊಳೆದಿಲ್ಲ. “ಕೆಂಪು ದಾರವೆಂಬ ಸವಕಲು ಸಂಕೇತವನ್ನು ಕಣ್ಣಿಗೆ ತುರುಕುತ್ತಾರೆ” ಅಂತ ಗೀಚಿದ್ದೀಯ. ಸಂಕೇತ ಅಂದರೇನು ಅಂತ ಮಗಳನ್ನ ಕೇಳಿದೆ. ಒಂದನ್ನ ತೋರಿಸಿ ಇನ್ನೊಂದನ್ನ ಹೇಳೋದು ಅಂದಳು. ಅದು ದಾರ. ದಾರ ತೋರಿಸಿ ದಾರ ಅಂತಲೇ ಹೇಳಿದ್ದಾರೆ.

ಕೊನೆಗೆ ಬರೆದಿದ್ದೀಯಲ್ಲ, “ಕಥೆಯ ದೊಡ್ಡ ತೂತು ಇದು: ಹೆಣ ತೊಳೆದವರಿಗೆ ಕುತ್ತಿಗೆಯ ಗುರುತು ಕಾಣದೆ ಇರುತ್ತದೆಯೇ? ಆ ಪಾತ್ರವನ್ನು ಕಥೆಗಾರ್ತಿ ಮರೆತೇಬಿಟ್ಟಿದ್ದಾರೆ.” ಅದನ್ನ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ ನನಗೆ. ಮರೆತಿಲ್ಲಪ್ಪಾ. ತೊಳೆಯುವವಳನ್ನ ಯಾರೂ ಏನೂ ಕೇಳೋಲ್ಲ. ಪೊಲೀಸಿನವನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಲ್ಲುತ್ತಾನೆ. ಡಾಕ್ಟರು ಕಾಗದ ಬರೆದು ಊಟಕ್ಕೆ ಹೋಗಿರುತ್ತಾರೆ. ಮನೆಯವರು ಅಳುತ್ತಿರುತ್ತಾರೆ. ಅವಳು ಬಕೆಟ್ ಹಿಡಿದು ನಿಂತಿರುತ್ತಾಳೆ. ಗೊತ್ತಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು.

ಸೂಜಿಯಮ್ಮ
(ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ನೀನೂ ಹಾಗೇ ಕರಿ.)

~

ಮಾರ್ಚ್ ೧೧

ಮಾನ್ಯ ಸೂಜಿಯಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಒಂಬತ್ತು ವರ್ಷಗಳಿಂದ ಈ ಅಂಕಣ ಬರೆಯುತ್ತಿದ್ದೇನೆ, ಇಷ್ಟು ಚೆನ್ನಾಗಿ ಯಾರೂ ಬೈದಿರಲಿಲ್ಲ. ಕಚೇರಿಯಲ್ಲಿ ಕೈಯಿಂದ ಕೈಗೆ ಹೋಗಿ, ಚಹಾದ ಕಲೆ ಹತ್ತಿಸಿಕೊಂಡು ವಾಪಸು ಬಂತು.

ಗಂಟು ಮತ್ತು ಹೊಲಿಗೆಯ ಭಾಗವನ್ನು ಈ ಭಾನುವಾರದ ಅಂಕಣದಲ್ಲಿ ‘ದೆವ್ವದ ದರ್ಜಿ’ ಎಂಬ ತಲೆಬರಹದಲ್ಲಿ ಹಾಕಿದ್ದೇನೆ. ತುಣುಕನ್ನು ಇದರ ಜೊತೆ ಇಟ್ಟಿದ್ದೇನೆ. ಓದುಗರಿಗೆ ಬಹಳ ಹಿಡಿಸಿದೆ. ಮೂವತ್ತಕ್ಕೂ ಹೆಚ್ಚು ಪತ್ರಗಳು ಬಂದಿವೆ. ಒಬ್ಬರು, “ನಮ್ಮ ಯಜಮಾನರ ಟೈ ಸಹ ಜಾರುತ್ತದೆ, ಅಮ್ಮನವರ ವಿಳಾಸ ಕೊಡಿ” ಎಂದು ಕೇಳಿದ್ದಾರೆ.

ಧಾರಾವಾಹಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲ ಮೂರು ಕಂತುಗಳ ಹಿಡಿತ ಈಗ ಇಲ್ಲ. ಅಪರಾಧದ ಕಥೆಗೆ ಪುರಾವೆ ಬೇಕು. ಇಲ್ಲಿ ಪುರಾವೆ ಸಾಲದೆ ಬಂದ ಜಾಗದಲ್ಲೆಲ್ಲ ದೆವ್ವ ಬರುತ್ತದೆ.

ಎರಡು ಪ್ರಶ್ನೆಗಳು. ಎಲ್ಲ ಆಸ್ಪತ್ರೆಗಳಲ್ಲೂ ಹೀಗೆ ಹೊಲಿಯುತ್ತಾರೆಯೇ? ನಿಜವಾಗಿಯೂ ಕೆಂಪು ದಾರವನ್ನೇ ಬಳಸುತ್ತಾರೆಯೇ? ನೀವು ಕೆಲಸ ಮಾಡಿದ ಆಸ್ಪತ್ರೆಯ ಹೆಸರು ತಿಳಿಸಿದರೆ ಮುಂದಿನ ಅಂಕಣಕ್ಕೆ ಒದಗುತ್ತದೆ.

ಗೌರವದಿಂದ,
ಮೂಲೆ ಕುರ್ಚಿ

~

ಮಾರ್ಚ್ ೧೫

ಏನಯ್ಯಾ,

ಅಚ್ಚು ಹಾಕು ಅಂತ ನಿನಗೆ ಯಾರು ಹೇಳಿದರು? ಬೈದದ್ದು ನಿನಗೆ. ಊರಿಗೆಲ್ಲ ಹಂಚು ಅಂತ ಕಳಿಸಿದ್ದಲ್ಲ.

ದೆವ್ವದ ದರ್ಜಿ ಅಂತೆ! ಅಳಿಯ ಅದನ್ನ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾನೆ. ಬೀಗಿತ್ತಿ ಇನ್ನೊಂದು ಪ್ರತಿ ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿ ಇಳಿದಿದ್ದಾಳೆ. ಮಂಡಿ ನೋವು ಅಂತ ಬಾಗಿಲವರೆಗೆ ಬರದ ಹೆಂಗಸು! ನಾನು ಮೆಟ್ಟಿಲಲ್ಲಿ ಕಂಡರೆ ಮಕ್ಕಳು ಕುತ್ತಿಗೆ ಹಿಡಿದುಕೊಂಡು ಓಡುತ್ತವೆ. ನಗಲಿ ಬಿಡು. ಕೈಯಲ್ಲಿ ಹೆಣ ಹಿಡಿಯದವರಿಗೆ ಎಲ್ಲವೂ ನಗುವೇ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ, ಹೇಳಿ ಮುಗಿಸುತ್ತೇನೆ. ಬೇರೆ ಆಸ್ಪತ್ರೆಗಳಲ್ಲಿ ಪಿನ್ನು ಚುಚ್ಚುತ್ತಾರೆ. ನನಗೆ ಅದು ಆಗುತ್ತಿರಲಿಲ್ಲ. ತಾಯಿಯೋ ತಂಗಿಯೋ ಬಂದು ತಬ್ಬಿಕೊಂಡಾಗ ಅವರ ಕೈಗೆ ಚುಚ್ಚುತ್ತೆ. ಒಬ್ಬಳಿಗೆ ಹಾಗೆ ರಕ್ತ ಬಂದದ್ದನ್ನ ನೋಡಿ ಪಿನ್ನು ಬಿಟ್ಟೆ, ಸೂಜಿ ಹಿಡಿದೆ. ಹೊಲಿಗೆ ನನ್ನದೇ. ಬೇರೆ ಯಾರೂ ಮಾಡುತ್ತಿರಲಿಲ್ಲ. ಅದಕ್ಕೇ ಆ ಹೆಸರು.

ದಾರ ಬಿಳಿ. ಯಾವಾಗಲೂ ಬಿಳಿ. ಕೆಂಪು ಯಾಕೆ ಅಂದರೆ ನನಗೇನು ಗೊತ್ತು? ಟೀವಿಯವರಿಗೆ ಬಣ್ಣ ಬೇಕು, ಹಾಕಿರುತ್ತಾರೆ. ನೀನೇ ಅಂದೆಯಲ್ಲ, ಸಂಕೇತ ಅಂತ. ಹಾಗೇ ಇರಲಿ.

ಯಾವ ಆಸ್ಪತ್ರೆ ಅಂತ ಕೇಳಬೇಡ. ನಿವೃತ್ತಿ ಆಗಿ ಮೂರು ವರ್ಷ ಆಯಿತು, ಕೈ ತೊಳೆದುಕೊಂಡು ಬಂದಿದ್ದೇನೆ. ನಿನ್ನೆ ಎಂಟನೇ ಕಂತು ಹಾಕಿದರು. ನಾನು ಒಳಗೆ ಹೋಗಿ ಮಲಗಿದೆ. ಮಗಳು ಬಂದು “ಏನಮ್ಮಾ, ನೀನೂ ಹೆದರಿದೆಯಾ?” ಅಂದಳು. ತಲೆನೋವು ಅಂದೆ.

ಇನ್ನು ಬರೆಯಬೇಡ.

ಸೂಜಿಯಮ್ಮ

~

ಮಾರ್ಚ್ ೨೪

ಅಮ್ಮಾ,

ಬರೆಯಬೇಡಿ ಎಂದಿದ್ದಿರಿ. ಬರೆಯಲೇಬೇಕಾಗಿದೆ, ಕ್ಷಮಿಸಿ.

ಕಳೆದ ಬುಧವಾರ ‘ಒದ್ದೆ ಹೆಜ್ಜೆ’ಯ ಕಥೆಗಾರ್ತಿ ನಮ್ಮ ಕಚೇರಿಗೆ ಬಂದಿದ್ದರು. ನನ್ನ ವಿಮರ್ಶೆಗೆ ಜಗಳ ತೆಗೆಯಲು ಬಂದಿದ್ದಾರೆ ಎಂದುಕೊಂಡು ಉತ್ತರಗಳನ್ನೆಲ್ಲ ಸಿದ್ಧಮಾಡಿಕೊಂಡೆ. ಅವರು ಕೂರಲೂ ಇಲ್ಲ. ಕೈಚೀಲದಿಂದ ‘ದೆವ್ವದ ದರ್ಜಿ’ ತುಣುಕನ್ನು ತೆಗೆದು ಮೇಜಿನ ಮೇಲಿಟ್ಟರು. “ಹೊಲಿಗೆ ಎರಡು, ಅದೂ ಗಂಟಿನ ಒಳಮೈಗೆ ಅಂತ ಇವರಿಗೆ ಹೇಗೆ ಗೊತ್ತು? ಟೀವಿಯಲ್ಲಿ ಕಾಣೋದು ದಾರದ ತುದಿ ಮಾತ್ರ. ಇವರು ಯಾರು?” ಎಂದರು.

ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹದಿನೆಂಟು ವರ್ಷದ ಹಿಂದೆ ಅವರ ಅಕ್ಕ ಸತ್ತರು. ಗಂಡನ ಮನೆಯವರು, ಮೆಟ್ಟಿಲಿಂದ ಬಿದ್ದಳು ಎಂದರು. ಸೇತುವೆ ಪಕ್ಕದ ಆಸ್ಪತ್ರೆಯಿಂದ ದೇಹವನ್ನು ಕೊಟ್ಟಾಗ ಕುತ್ತಿಗೆಗೆ ನೀಲಿ ಸ್ಕಾರ್ಫ್ ಇತ್ತು. ಗಂಟಿನ ಒಳಗೆ ಕೆಂಪು ದಾರದ ಎರಡು ಹೊಲಿಗೆ ಇದ್ದವು. ಆಗ ಇವರಿಗೆ ಹದಿನಾರು ವರ್ಷ. ಯಾರಿಗೆ ಹೇಳಿದರೂ “ದುಃಖದಲ್ಲಿ ಏನೇನೋ ಕಾಣುತ್ತದೆ” ಎಂದು ಸುಮ್ಮನಾಗಿಸಿದರಂತೆ.

ಧಾರಾವಾಹಿಯಲ್ಲಿ ಆ ಸೊಸೆಗೆ ಹೆಸರಿಲ್ಲ, ಊರಿಲ್ಲ. ಲಕ್ಷಾಂತರ ಜನ ನೋಡಿದರು. ಅದರಲ್ಲಿ ಒಂದೇ ಒಂದು ಮನೆಯವರು, ಇದು ನಮ್ಮ ಸೊಸೆ, ನಮ್ಮ ಮಾನ ಹೋಯಿತು ಎಂದು ವಾಹಿನಿಗೆ ವಕೀಲರ ನೋಟಿಸು ಕೊಟ್ಟಿದ್ದಾರೆ. ಅದೇ ಗಂಡನ ಮನೆಯವರು. ಕಳೆದ ಶುಕ್ರವಾರ ಒಂಬತ್ತನೇ ಕಂತಿನ ಬದಲು ಹಾಸ್ಯ ಕಾರ್ಯಕ್ರಮ ಬಂದದ್ದು ಅದಕ್ಕೇ. ಯಾವುದಾದರೂ ಸಾಕ್ಷಿ ಸಿಗದಿದ್ದರೆ ಉಳಿದ ಎರಡು ಕಂತುಗಳು ಬರುವುದಿಲ್ಲ. ಕಥೆಗಾರ್ತಿ ಆ ಮನೆಯವರ ಕ್ಷಮೆ ಕೇಳಿ ಬರೆದುಕೊಡಬೇಕಂತೆ. ಹೇಗೂ ವಿಮರ್ಶೆ ಚೆನ್ನಾಗಿಲ್ಲ, ನಿಲ್ಲಿಸೋಣ ಎಂದು ವಾಹಿನಿಯವರು ಅಂದರಂತೆ. ಆ ಸಭೆಯಲ್ಲಿ ಮೇಜಿನ ಮೇಲೆ ಇದ್ದದ್ದು ನನ್ನ ಅಂಕಣ.

ಅಮ್ಮಾ, ಆ ಹೊಲಿಗೆ ನಿಮ್ಮೊಬ್ಬರದೇ ಎಂದು ನೀವೇ ಬರೆದಿದ್ದೀರಿ. ನೀವು ಇದ್ದದ್ದು ಸೇತುವೆ ಪಕ್ಕದ ಆಸ್ಪತ್ರೆಯೇ?

ಇನ್ನೊಂದು ಮಾತು. ನಾನು ಅಪ್ಪನೂ ಅಲ್ಲ, ಅಯ್ಯನೂ ಅಲ್ಲ. ಮೂವತ್ತೆರಡು ವರ್ಷದ ಹೆಂಗಸು.

ಮೂಲೆ ಕುರ್ಚಿ

~

ಏಪ್ರಿಲ್ ೨

ಅಮ್ಮಾ,

ಉತ್ತರ ಬರಲಿಲ್ಲ. ಅಂಚೆಯಲ್ಲಿ ಕಳೆದಿರಬಹುದೇ ಎಂದು ಇದನ್ನು ಬರೆಯುತ್ತಿದ್ದೇನೆ. ಹದಿನೈದರೊಳಗೆ ಕ್ಷಮೆಪತ್ರಕ್ಕೆ ಸಹಿ ಹಾಕಿಕೊಡಬೇಕೆಂದು ಕಥೆಗಾರ್ತಿಗೆ ಗಡುವು ಕೊಟ್ಟಿದ್ದಾರೆ. ಒಂದೇ ಸಾಲು ಸಾಕು. ಹೌದು ಅಥವಾ ಇಲ್ಲ.

ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ.

ಮೂಲೆ ಕುರ್ಚಿ

~

ಏಪ್ರಿಲ್ ೫

ಸನ್ಮಾನ್ಯರಿಗೆ ನಮಸ್ಕಾರಗಳು.

ತಾವು ಬರೆದ ಎರಡೂ ಪತ್ರಗಳು ತಲುಪಿವೆ. ತಾವು ಹೇಳಿದ ವಿಷಯ ನನಗೆ ತಿಳಿದಿಲ್ಲ. ಆ ಆಸ್ಪತ್ರೆಯಲ್ಲಿ ಬಹಳ ಜನ ಕೆಲಸ ಮಾಡಿದ್ದಾರೆ. ನಾನು ಇದ್ದ ಕಾಲ ಬೇರೆ. ಹೊಲಿಗೆಯನ್ನು ಯಾರು ಬೇಕಾದರೂ ಹಾಕಬಹುದು. ವಯಸ್ಸಾಗಿದೆ, ನೆನಪು ಸರಿಯಾಗಿ ಇರುವುದಿಲ್ಲ.

ಆ ಹುಡುಗಿಗೆ ಒಳ್ಳೆಯದಾಗಲಿ. ತಮ್ಮ ಲಕೋಟೆಯನ್ನೇ ಬಳಸಿದ್ದೇನೆ. ತಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೌಕರಳು

~

ಏಪ್ರಿಲ್ ೧೨

ಅಮ್ಮಾ,

ನಿಮ್ಮ ಹಿಂದಿನ ಎರಡು ಪತ್ರಗಳಲ್ಲಿ ನಾನು ‘ಏನಪ್ಪಾ’ ಆಗಿದ್ದೆ, ‘ಏನಯ್ಯಾ’ ಆಗಿದ್ದೆ. ಈ ಪತ್ರದಲ್ಲಿ ‘ತಾವು’ ಆಗಿದ್ದೇನೆ. ನೀವು ಬೈದಾಗ ನನಗೆ ಭಯ ಆಗಿರಲಿಲ್ಲ. ಈ ಪತ್ರ ಓದಿ ಆಯಿತು.

ನಾನು ಇನ್ನು ಕೇಳುವುದಿಲ್ಲ. ನಿಮ್ಮ ವಿಳಾಸವನ್ನು ಕಥೆಗಾರ್ತಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅವರು ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಆದರೆ ನಿನ್ನೆ ಅವರು ಹೇಳಿದ ಒಂದು ವಿಷಯವನ್ನು ಒಳಗಿಟ್ಟುಕೊಳ್ಳಲು ಆಗುತ್ತಿಲ್ಲ.

ಅವರ ಅಕ್ಕನಿಗೆ ಕುತ್ತಿಗೆಯ ಸುತ್ತ ಏನಿದ್ದರೂ ಸಹಿಸಲು ಆಗುತ್ತಿರಲಿಲ್ಲವಂತೆ. ಎಂಥ ಚಳಿಯಲ್ಲೂ ಕೋಟಿನ ಮೇಲಿನ ಗುಂಡಿ ಬಿಚ್ಚಿಯೇ ಇರಬೇಕು. “ನಿನ್ನ ಗಂಟಲಿಗೆ ಗಾಳಿ ಬೇಕಾ, ಊಟ ಬೇಕಾ?” ಎಂದು ಇವರು ರೇಗಿಸುತ್ತಿದ್ದರಂತೆ. ಹಾಗಾಗಿ ಅವತ್ತು ಬೇರೆ ಏನೂ ತೋಚದೆ, ಅಕ್ಕನಿಗೆ ಬಿಗಿಯಾಗಿರಬಹುದು ಎಂದು, ಸ್ಕಾರ್ಫನ್ನು ಸ್ವಲ್ಪ ಸಡಿಲ ಮಾಡಲು ಹೋದರು. ಬೆರಳಿಗೆ ಹೊಲಿಗೆ ಸಿಕ್ಕಿತು. ಅಷ್ಟರಲ್ಲಿ ಯಾರೋ ಕೈ ಹಿಡಿದು ಎಳೆದರು.

“ಹೊಲಿದವರು ಅವರ ಕಡೆಯವರಾಗಿದ್ದರೆ ಬಿಳಿ ಬಟ್ಟೆಗೆ ಬಿಳಿ, ನೀಲಿಗೆ ನೀಲಿ ದಾರ ಹಾಕಿ ಮುಚ್ಚುತ್ತಿದ್ದರು. ಕೆಂಪು ಯಾಕೆ? ನನಗೆ ಏನಾದರೂ ಹೇಳಬೇಕು ಅಂತ ಹಾಕಿದರಾ? ಹದಿನೆಂಟು ವರ್ಷದಿಂದ ಇದೊಂದೇ ಕೇಳಿಕೊಂಡಿದ್ದೇನೆ. ಹತ್ತು ಕಂತು ಬರೆದದ್ದು ಅಪರಾಧಿ ಯಾರು ಅಂತ ತೋರಿಸೋಕಲ್ಲ, ಅದು ನನಗೆ ಗೊತ್ತು. ಹೊಲಿದವರು ಎಲ್ಲಾದರೂ ಕೂತು ನೋಡಲಿ ಅಂತ ಬರೆದೆ” ಎಂದರು.

ಆ ಪಾತ್ರವನ್ನು ಅವರು ಮರೆತಿದ್ದಾರೆ ಎಂದು ನಾನು ಬರೆದಿದ್ದೆ. ಆ ಪಾತ್ರಕ್ಕಾಗಿಯೇ ಇಡೀ ಕಥೆ ಇತ್ತು. ನನಗೆ ಓದಲು ಬರಲಿಲ್ಲ.

ಸಹಿ ಹಾಕಲು ಇನ್ನೊಂದು ವಾರ ಸಮಯ ಕೇಳಿ ಪಡೆದಿದ್ದಾರೆ.

ಮೂಲೆ ಕುರ್ಚಿ

~

ಏಪ್ರಿಲ್ ೧೬

ಮಗಳೇ,

ಇದನ್ನ ಅಚ್ಚು ಹಾಕಬೇಡ. ಆ ಹುಡುಗಿಯ ಕೈಗೆ ಕೊಡು. ಆಮೇಲೆ ಪೊಲೀಸಿಗೋ ಕೋರ್ಟಿಗೋ ಅವಳು ಯಾರಿಗೆ ಬೇಕಾದರೂ ಕೊಡಲಿ. ನನ್ನ ಮಗಳನ್ನ ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೇನೆ, ಕೆಳಗೆ ಅವಳ ಸಹಿಯೂ ಇದೆ. ಅಂಚೆಯವರನ್ನ ನಂಬದೆ ಅಳಿಯನ ಕೈಲೇ ಕಳಿಸುತ್ತಿದ್ದೇನೆ. ಹೋದ ಪತ್ರದಲ್ಲಿ ಬರೆದದ್ದೆಲ್ಲ ಸುಳ್ಳು.

ಸೇತುವೆ ಪಕ್ಕದ ಆಸ್ಪತ್ರೆ. ನವೆಂಬರ್ ತಿಂಗಳು, ಗುರುವಾರ. ಮಧ್ಯಾಹ್ನ ಒಂದು ಗಂಟೆಗೆ ತಂದರು. ಡಾಕ್ಟರ ಕಾಗದ ಜೊತೆಯಲ್ಲೇ ಬಂತು. ಹನ್ನೊಂದು ಗಂಟೆಗೆ ಮನೆಯ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟು ಅಂತ. ನಮ್ಮ ಕೋಣೆಯಲ್ಲಿ ಸಿಮೆಂಟಿನ ಕಟ್ಟೆ, ಒಂದು ನಲ್ಲಿ, ಎತ್ತರದಲ್ಲಿ ಒಂದು ಕಿಟಕಿ. ಕಟ್ಟೆ ಮೇಲೆ ಮಲಗಿಸಿ ಕೂದಲು ಪಕ್ಕಕ್ಕೆ ಸರಿಸಿದೆ. ಕುತ್ತಿಗೆಯ ಎಡಗಡೆ ನಾಲ್ಕು, ಬಲಗಡೆ ಒಂದು. ಬೆರಳಿನ ಗುರುತು. ಬಲಗಡೆಯದರ ಪಕ್ಕ ಉಗುರು ಕೂತ ಗೆರೆ. ಮೆಟ್ಟಿಲಿಗೆ ಬೆರಳು ಇರೋಲ್ಲ ಮಗಳೇ.

ದೊಡ್ಡ ನರ್ಸಿನ ಹತ್ತಿರ ಹೋದೆ. ಒಂದು ಸಲ ಬಂದು ನೋಡಿ ಅಂದೆ. ಅವಳು ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. “ಡಾಕ್ಟರು ನೋಡಿ ಆಗಿದೆ. ನಿನ್ನ ಕೆಲಸ ತೊಳೆಯೋದು, ಓದೋದಲ್ಲ” ಅಂದಳು. ವಾಪಸು ಬರುವಷ್ಟರಲ್ಲಿ ಅತ್ತೆ ಅನ್ನೋಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಂಗಡಿಯ ಕವರು. ಅದರಲ್ಲಿ ನೀಲಿ ಸ್ಕಾರ್ಫ್, ಮಡಿಕೆ ಬಿಚ್ಚಿಲ್ಲದ್ದು. “ಕುತ್ತಿಗೆ ಮುಚ್ಚಿಬಿಡು ತಾಯಿ, ಅವಳ ಹೆತ್ತವರು ನೋಡಿದರೆ ತಡೆದುಕೊಳ್ಳಲ್ಲ” ಅಂದಳು. ಮೆತ್ತಗೆ ಅಂದಳು. ಗದರಿಸಿದ್ದರೆ ನನ್ನ ಸಿಟ್ಟಿಗೆ ಏನಾದರೂ ಅಂದುಬಿಡುತ್ತಿದ್ದೆನೋ ಏನೋ.

ಒಂಬತ್ತು ವರ್ಷ ದಿನಗೂಲಿ ಮಾಡಿದ್ದೆ. ಕೆಲಸ ಖಾಯಂ ಆಗುವ ಆದೇಶ ಅದೇ ವಾರ ಬರೋದಿತ್ತು. ಗಂಡ ಇರಲಿಲ್ಲ, ಮಗಳು ಎಂಟನೇ ಕ್ಲಾಸು. ನೀನು ಇದನ್ನ ಓದಿ ಬಡತನ ಅಂತ ನಿನ್ನ ಭಾಷೆಯಲ್ಲಿ ಚೆಂದ ಮಾಡಿ ಹೇಳಬೇಡ. ಹೆದರಿಕೆ ಅಂತ ಹೇಳು.

ಗಂಟು ಕಟ್ಟಿದೆ. ಸೂಜಿಯಲ್ಲಿ ಬಿಳಿ ದಾರ ಪೋಣಿಸಿಯೇ ಇತ್ತು. ಅದನ್ನ ಎಳೆದು ಬಿಸಾಕಿ ಕೆಂಪು ಪೋಣಿಸಿದೆ. ಯಾರಾದರೂ ನೋಡಿ ‘ಇದೇನು ಹೀಗೆ’ ಅಂತ ಕೇಳಲಿ, ಕೇಳಿದರೆ ಹೇಳಿಬಿಡೋಣ ಅಂತ. ನಾನಾಗಿ ಹೇಳೋ ಧೈರ್ಯ ಇಲ್ಲ, ಯಾರಾದರೂ ನನ್ನ ಬಾಯಿ ಬಿಡಿಸಲಿ ಅಂತ. ಸಂಜೆವರೆಗೂ ಅಲ್ಲೇ ನಿಂತಿದ್ದೆ. ಯಾರೂ ಕೇಳಲಿಲ್ಲ. ಒಬ್ಬಳು ಹುಡುಗಿ ಮಾತ್ರ ಸ್ಕಾರ್ಫಿನೊಳಗೆ ಬೆರಳು ತೂರಿಸಿದಳು. ಅವಳ ಕೈ ನಿಂತುಬಿಟ್ಟಿತು. ತಲೆ ಎತ್ತಿ ಸುತ್ತ ನೋಡಿದಳು. ನನ್ನನ್ನೂ ನೋಡಿದಳು. ನಾನು ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಅವಳಿಗೆ ಹೇಳು. ಅವಳ ಪ್ರಶ್ನೆಗೆ ಉತ್ತರ, ಎರಡೂ. ಅವರ ಕಡೆಯವಳಾಗಿ ಮುಚ್ಚಿದೆ. ಅವಳ ಅಕ್ಕನ ಕಡೆಯವಳಾಗಿ ಕೆಂಪು ದಾರ ಹಾಕಿದೆ. ಎರಡು ದೋಣಿಯಲ್ಲಿ ಒಂದೊಂದು ಕಾಲಿಟ್ಟೆ. ಖಾಯಂ ಆದೇಶ ಸೋಮವಾರ ಬಂತು.

ಇದರ ಜೊತೆ ಒಂದು ಚೀಟಿ ಇದೆ, ಹುಷಾರಾಗಿ ತೆಗಿ, ಮಡಿಕೆಯಲ್ಲಿ ಹರಿದಿದೆ. ಸ್ಕಾರ್ಫಿನ ಕವರಿನಲ್ಲೇ ಇದ್ದ ಅಂಗಡಿಯ ರಸೀದಿ. ಅವತ್ತು ಅದನ್ನ ಓದಲಿಲ್ಲ, ಕೈಗೆ ಸಿಕ್ಕ ಕಾಗದ ಅಂತ ಸೂಜಿಗೆ ಸುತ್ತಿ ಡಬ್ಬಿಗೆ ಹಾಕಿದೆ. ವರ್ಷ ಕಳೆದ ಮೇಲೆ ಬಿಚ್ಚಿದಾಗ ಓದಿದೆ. ಅದೇ ಗುರುವಾರದ ತಾರೀಕು. ಸಮಯ ಹತ್ತು ಗಂಟೆ ಐದು ನಿಮಿಷ ಅಂತ ಅಚ್ಚಾಗಿದೆ. ಅವಳು ಬಿದ್ದದ್ದು ಹನ್ನೊಂದಕ್ಕೆ. ಕುತ್ತಿಗೆ ಮುಚ್ಚೋ ಬಟ್ಟೆ ಕೊಂಡದ್ದು ಅದಕ್ಕೆ ಒಂದು ಗಂಟೆ ಮುಂಚೆ. ಓದಿ ಮತ್ತೆ ಡಬ್ಬಿಗೇ ಹಾಕಿದೆ. ನನ್ನ ಎರಡನೇ ತಪ್ಪು ಅದು, ಮೊದಲನೆಯದಕ್ಕಿಂತ ದೊಡ್ಡದು. ಆಗ ಕೆಲಸ ಖಾಯಂ ಆಗಿತ್ತು, ಹೆದರೋಕೆ ಕಾರಣವೂ ಇರಲಿಲ್ಲ.

ಬರೆದದ್ದನ್ನೆಲ್ಲ ಮಗಳು ಓದಿದಳು. ನನಗೆ ಬೈಯಲಿಲ್ಲ. “ನನ್ನ ಶಾಲೆಯ ಚೀಲ ಅದೇ ಸೋಮವಾರ ತಂದದ್ದಲ್ಲವಾ ಅಮ್ಮಾ?” ಅಂತ ಕೇಳಿದಳು. ಹೌದು ಅಂದೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಸಹಿ ಹಾಕಿದಳು.

ಆ ಹುಡುಗಿ ಯಾರ ಕ್ಷಮೆಯನ್ನೂ ಕೇಳಕೂಡದು. ಬರಲಿ. ಬಾಗಿಲು ತೆಗೆದೇ ಇರುತ್ತೆ.

ಸೂಜಿಯಮ್ಮ

~

ಮೇ ೮

ಮಗಳೇ,

ನೀನು ಕಳಿಸಿದ ಹುಡುಗಿ ಬಂದಿದ್ದಳು. ವಕೀಲರ ಜೊತೆ ಬರುತ್ತಾಳೆ ಅಂದುಕೊಂಡಿದ್ದೆ, ಒಬ್ಬಳೇ ಬಂದಳು. ಬೀಗಿತ್ತಿಗೆ ಕಥೆಗಾರ್ತಿ ಬಂದಳು ಅಂತ ಸಂಭ್ರಮ. “ಕೊನೆಗೆ ದೆವ್ವ ಏನಾಗುತ್ತೆ, ನಮಗೊಬ್ಬರಿಗೆ ಹೇಳಮ್ಮಾ” ಅಂತ ಶುರು ಮಾಡಿದಳು. ಮಗಳು ಬೀಗಿತ್ತಿಯನ್ನ ರೂಮಿಗೆ ಕರೆದುಕೊಂಡು ಹೋದಳು.

ಆ ಹುಡುಗಿ ಬೈಯಲಿ ಅಂತ ಕೂತಿದ್ದೆ. ನಾನಾಗಿದ್ದರೆ ಕೈಗೆ ಸಿಕ್ಕಿದ್ದನ್ನ ಎತ್ತಿ ಎಸೆಯುತ್ತಿದ್ದೆ. ಅವಳು ನನ್ನ ಕೈಯನ್ನೇ ನೋಡಿದಳು. ಆಮೇಲೆ ಕೇಳಿದಳು, “ಅಕ್ಕನನ್ನ ತೊಳೆದ ನೀರು ಬೆಚ್ಚಗಿತ್ತಾ?”

ಇಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು. ಅಲ್ಲಿ ನಲ್ಲಿ ನೀರೇ ಹಾಕಬೇಕು ಅನ್ನೋ ನಿಯಮ ಇತ್ತು. ನಾನು ಅಡುಗೆಮನೆಯ ಬಾಯ್ಲರಿನಿಂದ ಬಿಸಿನೀರು ಹೊತ್ತು ತರುತ್ತಿದ್ದೆ, ಅದಕ್ಕೆ ಎಷ್ಟೋ ಸಲ ಬೈಸಿಕೊಂಡಿದ್ದೇನೆ. “ಬೆಚ್ಚಗಿತ್ತು. ಕೈಗೆ ಹಾಕಿಕೊಂಡು ನೋಡಿಯೇ ಹಾಕಿದೆ” ಅಂದೆ. ಆಗ ಅತ್ತಳು. ನಾನು ಅಳಲಿಲ್ಲ. ಅಳೋಕೆ ನನಗೆ ಹಕ್ಕಿಲ್ಲ ಅಂತ ಬಾಯಿ ಬಿಗಿ ಹಿಡಿದು ಕೂತೆ.

ಮಾರನೇ ದಿನ ಪೊಲೀಸ್ ಠಾಣೆಗೆ ಹೋದೆವು. ಇನ್‌ಸ್ಪೆಕ್ಟರು ನಮ್ಮ ಟೀವಿಯವನ ಹಾಗೆ ಇರಲಿಲ್ಲ, ಪಾಪ, ನೆಗಡಿ ಆಗಿತ್ತು. “ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ ಅಮ್ಮಾ?” ಅಂದ. “ಹೌದು. ಈಗ ತೆಗೆದಿದ್ದೇನೆ, ಬರ್ಕೋ” ಅಂದೆ. ಮುಚ್ಚಿಟ್ಟಿದ್ದಕ್ಕೆ ನನ್ನ ಮೇಲೂ ಕೇಸು ಆಗಬಹುದು ಅಂದ. “ಅದನ್ನೂ ಬರ್ಕೋ” ಅಂದೆ. ನಾಲ್ಕು ಗಂಟೆ ಬರೆದುಕೊಂಡ. ರಸೀದಿಯನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೊಹರು ಮಾಡಿದ.

ದೂರು ದಾಖಲಾದ ಮೇಲೆ ಆ ಮನೆಯ ವಕೀಲರು ಸುಮ್ಮನಾಗಿದ್ದಾರಂತೆ. ಉಳಿದ ಕಂತು ಹಾಕುತ್ತೇವೆ ಅಂದಿದ್ದಾರಂತೆ ವಾಹಿನಿಯವರು. ಕೊನೆಯ ಕಂತಿಗೆ ಆ ಹುಡುಗಿ ಹೊಸದೊಂದು ದೃಶ್ಯ ಬರೆದಿದ್ದಾಳೆ. ದೆವ್ವದ ಕೈಲಿ ಬಿಚ್ಚೋಕೆ ಆಗದ ಗಂಟಿನ ಹೊಲಿಗೆಯನ್ನ ಒಬ್ಬ ಮುದುಕಿ ಬಂದು ಕತ್ತರಿಸಬೇಕು. “ನಟಿಯರಿಗೆ ಆ ಕೈ ಬರೋಲ್ಲ. ನಿಮ್ಮದೇ ಬೇಕು” ಅಂದಳು. ನನ್ನ ಮುಖ ತೋರಿಸಬೇಡ, ಜನ ಹೊಗಳುತ್ತಾರೆ, ಅದು ಬೇಡ ಅಂದೆ. ಕೈ ಸಾಕು ಅಂದಳು.

ಹೋಗುತ್ತೇನೆ. ಅಳಿಯ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಲಿಫ್ಟ್ ಇದೆಯಂತೆ.

ಸೂಜಿಯಮ್ಮ

~

ಜೂನ್ ೧೫

ಅಮ್ಮಾ,

ಕೊನೆಯ ಕಂತು ಮೊನ್ನೆ ಬಂತು. ಇವತ್ತಿನ ಅಂಕಣದಲ್ಲಿ, ಮಾರ್ಚಿನಲ್ಲಿ ನಾನು ಬರೆದದ್ದು ತಪ್ಪು ಎಂದು ಬರೆದಿದ್ದೇನೆ. ಯಾಕೆ ತಪ್ಪು ಎಂದು ಬರೆಯಲಿಲ್ಲ. ಕೆಳಗೆ ನನ್ನ ಸ್ವಂತ ಹೆಸರು ಹಾಕಿದ್ದೇನೆ, ಒಂಬತ್ತು ವರ್ಷದಲ್ಲಿ ಮೊದಲ ಸಲ.

ಗಂಡನನ್ನೂ ಅತ್ತೆಯನ್ನೂ ವಿಚಾರಣೆಗೆ ಕರೆದಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ, ವರ್ಷಗಳೇ ಹಿಡಿಯಬಹುದು ಎನ್ನುತ್ತಾರೆ.

ಕಚೇರಿಗೆ ಚೀಲದ ತುಂಬ ಪತ್ರಗಳು ಬಂದಿವೆ. ಸ್ಕಾರ್ಫ್ ಬಿದ್ದ ಮೇಲೆ ದೆವ್ವ ಉಸಿರೆಳೆದುಕೊಂಡದ್ದನ್ನು ನೋಡಿ ನಮ್ಮ ಮನೆಯವರೆಲ್ಲ ಎದ್ದು ನಿಂತರು ಎಂದು ಒಬ್ಬರು ಬರೆದಿದ್ದಾರೆ. ಆದರೆ ಎಲ್ಲರೂ ಹಾಗಲ್ಲ. ನಿಮಗೆ ಮುಚ್ಚಿಡುವುದಿಲ್ಲ. “ಕತ್ತರಿ ಹಿಡಿದ ಆ ಮುದುಕಿಯ ಕೈ ಅಷ್ಟೊಂದು ನಡುಗಬೇಕಿತ್ತೇ? ಅತಿನಟನೆ” ಎಂದು ಹನ್ನೊಂದು ಜನ ಬರೆದಿದ್ದಾರೆ. ಇನ್ನೊಂದು ಪತ್ರಿಕೆಯ ವಿಮರ್ಶಕರು, “ಹತ್ತು ಕಂತುಗಳ ಸಂಯಮ ಒಂದು ಸುಳ್ಳು ನಡುಕದಲ್ಲಿ ಹಾಳಾಯಿತು” ಎಂದಿದ್ದಾರೆ.

ನನಗೆ ಸಂಕಟ ಆಗುತ್ತಿದೆ. ಅದು ಯಾರ ಕೈ ಎಂದು ಒಂದು ಸಾಲು ಬರೆಯಲು ಒಪ್ಪಿಗೆ ಕೊಡಿ. ನೀವು ಹೂಂ ಎಂದರೆ ಮಾತ್ರ ಬರೆಯುತ್ತೇನೆ. ಈ ಸಲ ಕೇಳದೆ ಅಚ್ಚು ಹಾಕುವುದಿಲ್ಲ.

ಮೂಲೆ ಕುರ್ಚಿ

~

ಜೂನ್ ೧೯

ಮಗಳೇ,

ಬರೆಯಬೇಡ.

ಅಳಿಯ ಕೂಡ ನೋಡಿ, “ಅತ್ತೆ, ಸ್ವಲ್ಪ ಜಾಸ್ತಿ ಆಯಿತು” ಅಂದ. ಮಗಳು ಅವನ ಕಾಲು ತುಳಿದಳು. ಬೀಗಿತ್ತಿ ಈ ಸಲ ದಿಂಬು ಕೆಳಗಿಟ್ಟು ಎರಡೂ ಕಣ್ಣು ಬಿಟ್ಟು ನೋಡಿದಳು. ಮುಗಿದ ಮೇಲೆ ಬಂದು ನನ್ನ ಪಕ್ಕ ಕೂತಳು.

ಅಲ್ಲಿ ಮೂರು ಸಲ ತೆಗೆದರು. ಮೂರು ಸಲವೂ ನಡುಗಿತು. ಕೈ ನಿಲ್ಲಿಸು ಅಂದರೆ ನಿಲ್ಲಲಿಲ್ಲ. ಆ ಹುಡುಗಿ ಸಾಕು ಅಂದಳು, ಮೊದಲನೆಯದನ್ನೇ ಇಟ್ಟುಕೊಂಡಳು.

ಆ ಹನ್ನೊಂದು ಜನರ ಮೇಲೆ ನನಗೆ ಸಿಟ್ಟಿಲ್ಲ. ನಡುಗುವ ಕೈ ನೋಡಿ ಸುಳ್ಳು ಅಂದರು, ಅನ್ನಲಿ. ಹದಿನೆಂಟು ವರ್ಷದ ಹಿಂದೆ ಅದೇ ಗಂಟಿಗೆ ಹೊಲಿಗೆ ಹಾಕುವಾಗ ಅವರು ನನ್ನ ಕೈ ನೋಡಬೇಕಿತ್ತು. ಒಂಚೂರೂ ನಡುಗಿರಲಿಲ್ಲ.

ಸೂಜಿಯಮ್ಮ